ಸ್ವಭಾವವೂ ಸ್ತನ್ಯವೂ

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನು ಕೇಳದವರು ನಮ್ಮ ಸೀಮೆಯಲ್ಲಿ ಯಾರೂ ಇರಲಾರರು. ಮದುವೆಯ ಮಾತುಕತೆಯಲ್ಲಿ, ದಾಯಾದಿಗಳ ವ್ಯಾಜ್ಯದಲ್ಲಿ, ಅರಳಿಕಟ್ಟೆಯ ಮೇಲಣ ಹರಟೆಯಲ್ಲಿ ಈ ಒಂದು ಮಾತು ಬಿದ್ದಿತೆಂದರೆ ಅಲ್ಲಿಗೆ ವಿಚಾರವು ಮುಗಿದಂತೆಯೇ. ಉಪಾಧ್ಯಾಯವೃತ್ತಿಯಲ್ಲಿ ಕಾಲ ಕಳೆದವರಿಗಂತೂ ಇದು ನಿತ್ಯದ ಒಡನಾಡಿ. ಲೆಕ್ಕ ಹತ್ತದ ಹುಡುಗ, ಮಾತು ಕೇಳದ ಹುಡುಗ, ಪಾಠವನ್ನು ಬಿಟ್ಟು ಕಿಟಕಿಯಾಚೆಗೆ ನೋಡುತ್ತಿರುವ ಹುಡುಗ, ಇವರೆಲ್ಲರ ವಿಷಯದಲ್ಲಿಯೂ ಉಪಾಧ್ಯಾಯರ ಕೋಣೆಯಲ್ಲಿ ತೀರ್ಪಾಗುವುದು ಈ ಗಾದೆಯ ಆಧಾರದ ಮೇಲೆಯೇ. ತೀರ್ಪಿನಿಂದ ಹುಡುಗನಿಗೆ ಏನಾಯಿತೆಂಬುದು ಬೇರೆ ಮಾತು; ಹೇಳಿದವರ ಹೊಣೆ ಮಾತ್ರ ಅಲ್ಲಿಗೆ ಕಳೆಯುವುದು.

ಆದರೆ ಹುಟ್ಟುಗುಣವೆಂದರೆ ಯಾವುದು? ಹುಟ್ಟುವುದಕ್ಕೆ ಮುಂಚೆ ಇದ್ದುದೋ, ಹುಟ್ಟಿದ ಕ್ಷಣದಲ್ಲಿ ಇದ್ದುದೋ, ಹುಟ್ಟಿದ ತರುವಾಯ ನೆಲೆಗೊಂಡುದೋ? ಮನುಷ್ಯರ ಶೀಲವನ್ನು ಕುರಿತು ಹೀಗೆ ಕೇಳಿದರೆ ವಾದವು ಬೆಳೆಯುವುದೇ ಹೊರತು ತೀರುವುದಿಲ್ಲ. ಶರೀರದ ಒಂದು ಅಂಗವನ್ನೇ ಕೇಳಿ ನೋಡಬಹುದೆಂದು ನನಗೆ ತೋರಿಸಿಕೊಟ್ಟವಳು ವೈದ್ಯವೃತ್ತಿಯಲ್ಲಿರುವ ನನ್ನ ತಂಗಿಯ ಮಗಳು. ಅವಳು ಹಬ್ಬಕ್ಕೆ ಊರ್ಡಿಗೆರೆಗೆ ಬಂದಿದ್ದಾಗ ಬಂಧುಗಳೊಬ್ಬರು ಯಾರನ್ನೋ ಕುರಿತು ಈ ಗಾದೆಯನ್ನು ಹೇಳಲಾಗಿ, ಅವಳು ನನ್ನ ಕಡೆಗೆ ತಿರುಗಿ, “ಮಾವ, ಹೃದಯದ ಹುಟ್ಟುಗುಣ ಒಂದು ವಾರವೂ ನೆಟ್ಟಗೆ ನಿಲ್ಲುವುದಿಲ್ಲ, ಗೊತ್ತೇ?” ಎಂದಳು. ಆ ರಾತ್ರಿ ಅವಳು ವಿವರಿಸಿದುದನ್ನೂ ಆಮೇಲೆ ಓದಿ ತಿಳಿದುದನ್ನೂ ನಮ್ಮ ಶಾಸ್ತ್ರದ ಒಂದು ಹಳೆಯ ವಾದದ ಪಕ್ಕದಲ್ಲಿ ಇರಿಸಿ ವಾಚಕರ ಮುಂದಿಡುತ್ತಲಿದ್ದೇನೆ.

ಆ ಹಳೆಯ ವಾದವು ಗೌತಮನ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯದಲ್ಲಿದೆ. ಆತ್ಮವು ನಿತ್ಯವೆಂದು ಸಾಧಿಸಹೊರಟ ಸೂತ್ರಕಾರನು ಅಲ್ಲಿ ಹಿಡಿದುಕೊಂಡ ಹೇತುಗಳಲ್ಲಿ ಒಂದು ಬಹು ಸಣ್ಣದು, ಮನೆಮನೆಯಲ್ಲಿಯೂ ಕಾಣತಕ್ಕದ್ದು: ಆಗತಾನೆ ಹುಟ್ಟಿದ ಕೂಸು ಮೊಲೆಹಾಲಿಗೆ ಹಾತೊರೆಯುವುದು. ಹಸಿದವನು ಅನ್ನವನ್ನು ಅರಸುವುದು ಹಿಂದೆ ಅನ್ನದಿಂದ ಹಸಿವು ತೀರಿದ ನೆನಪಿನಿಂದಲಷ್ಟೆ. ಈ ಕೂಸಿಗೆ ಈ ಜನ್ಮದಲ್ಲಿ ಅಂಥ ಅನುಭವ ಇನ್ನೂ ಆಗಿಲ್ಲ. ಆದುದರಿಂದ ಹಿಂದಿನ ಜನ್ಮದ ಆಹಾರಾಭ್ಯಾಸವೇ ಈ ಸ್ತನ್ಯಾಭಿಲಾಷೆಗೆ ಕಾರಣವಾಗಿರಬೇಕೆಂದು ಅವನ ತರ್ಕ. ಪೂರ್ವಪಕ್ಷಿಯು ಇದನ್ನು ಒಪ್ಪುವುದಿಲ್ಲ. ಕಬ್ಬಿಣವು ಸೂಜಿಗಲ್ಲಿನ ಕಡೆಗೆ ಸರಿಯುವುದು ಯಾವ ಜನ್ಮದ ಅಭ್ಯಾಸದಿಂದ, ಹಾಗೆಯೇ ಇದೂ ಆಗಬಾರದೇಕೆ, ಎಂದು ಅವನು ಕೇಳುವನು. ಸಿದ್ಧಾಂತಿಯ ಉತ್ತರವೇನೆಂದರೆ, ಸೂಜಿಗಲ್ಲಿನ ಕಡೆಗೆ ಕಬ್ಬಿಣವೇ ಹೋಗುವುದು, ಮಣ್ಣಹೆಂಟೆ ಹೋಗುವುದಿಲ್ಲ. ಅಲ್ಲಿಯೂ ನಿಯತವಾದ ಕಾರಣವೊಂದು ಇದ್ದೇ ಇದೆ.

ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ವಿದ್ಯಾರ್ಥಿಗಳು ಎರಡು ಪಕ್ಷವಾಗಿ ಕೂಗಾಡುವುದುಂಟು. ಆದರೆ ಎರಡು ಪಕ್ಷದವರೂ ಮಾತಿಲ್ಲದೆ ಒಪ್ಪಿಕೊಂಡಿರುವ ಸಂಗತಿಯೊಂದಿದೆ. ಕೂಸು ತನ್ನ ಗುಣವನ್ನು ತಂದುಕೊಂಡೇ ಬಂದಿದೆ, ಹಾಲು ಆ ಗುಣಕ್ಕೆ ವಿಷಯವಾಗಿ ಎದುರಿಗೆ ಇದೆ, ಅಷ್ಟೆ. ಹಾಲೇ ಕೂಸಿನ ಗುಣವನ್ನು ತಿದ್ದಬಹುದೆಂಬ ಮೂರನೆಯ ಪಕ್ಷವನ್ನು ಅವರಲ್ಲಿ ಯಾರೂ ಎತ್ತಲಿಲ್ಲ. ಹೃದಯದ ಕಥೆಯು ಈ ಮೂರನೆಯ ಪಕ್ಷಕ್ಕೆ ಸೇರಿದುದು.

ಬಸಿರಿನಲ್ಲಿ ಹೃದಯವು ಬಹು ಬೇಗ ಕೆಲಸಕ್ಕೆ ಹತ್ತುವುದು. ಗರ್ಭ ನಿಂತ ಮೂರು ವಾರ ಕಳೆಯುವಷ್ಟರಲ್ಲಿ, ಎಷ್ಟೋ ವೇಳೆ ತಾಯಿಗೆ ತಾನು ಬಸುರಿಯೆಂಬ ಖಾತರಿಯೂ ಆಗುವ ಮುಂಚೆ, ಅದು ಮಿಡಿಯತೊಡಗಿರುವುದು. ನಮ್ಮ ಆಯುರ್ವೇದದ ಆಚಾರ್ಯರು ಇದನ್ನು ತಮ್ಮ ಬಗೆಯಲ್ಲಿ ಗಮನಿಸಿದ್ದರು. ನಾಲ್ಕನೆಯ ತಿಂಗಳಿನಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದೆಂದೂ, ಆಗ ಬಸುರಿಯು ಎರಡು ಹೃದಯಗಳುಳ್ಳವಳಾಗುವಳೆಂದೂ, ಅವಳ ಬಯಕೆಯು ಗರ್ಭದ ಬಯಕೆಯೇ ಆದುದರಿಂದ ಅದನ್ನು ನಡೆಯಿಸಬೇಕೆಂದೂ ಸುಶ್ರುತನು ಹೇಳಿರುವನು. ಚರಕನು ಇದನ್ನು ಮೂರನೆಯ ತಿಂಗಳಿನ ಮಾತಿನಲ್ಲಿಯೇ ತಂದು, ಕೂಸಿನ ಹೃದಯವು ತಾಯಿಯ ಕಡೆಯಿಂದ ಬಂದುದೆಂದೂ ರಸವನ್ನು ಹೊರುವ ನಾಳಗಳ ಮೂಲಕ ತಾಯಿಯ ಹೃದಯದೊಡನೆ ಹೊಂದಿಕೊಂಡಿರುವುದೆಂದೂ ಬರೆದನು. ನಮ್ಮ ಮನೆಗಳಲ್ಲಿ ಬಸುರಿಗೆ ಬಯಕೆಯ ಊಟವನ್ನು ಹಾಕುವ ಪದ್ಧತಿಗೆ ಇಷ್ಟು ದೊಡ್ಡ ಹಿನ್ನೆಲೆಯುಂಟು. ಎರಡು ರಕ್ತಗಳು ನೇರವಾಗಿ ಬೆರೆಯುವುದಿಲ್ಲ, ಮಾಸುವಿನಲ್ಲಿ ತೆಳುವಾದ ಪೊರೆಯ ಆಚೆ ಈಚೆ ಹರಿದು ಕೊಡುಕೊಳ್ಳುವುವೆಂದು ಈಗ ತಿಳಿದಿದೆ. ಆದರೂ ಎರಡು ಹೃದಯಗಳಿಗೆ ಒಂದೇ ಒಲೆಯೆಂಬ ಹಳಬರ ಭಾವನೆಯು ಸುಳ್ಳಾಗಲಿಲ್ಲ.

ಆ ಒಲೆಯಿಂದ ಕೂಸಿನ ಹೃದಯಕ್ಕೆ ಬರುವ ಸೌದೆ ಯಾವುದು? ಮುಖ್ಯವಾಗಿ ಸಕ್ಕರೆ, ಅಂದರೆ ಗ್ಲೂಕೋಸು. ಅದರೊಂದಿಗೆ ದುಗ್ಧಾಮ್ಲದ ಒಂದು ರೂಪವಾದ ಲ್ಯಾಕ್ಟೇಟು. ಕೊಬ್ಬು ಅಲ್ಪ. ಇದು ಹೀಗೇಕೆಂದು ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು, ವಾಚಕರು ಬೇಸರಪಡಬಾರದು. ಶರೀರವು ಶಕ್ತಿಯನ್ನು ಏ.ಟಿ.ಪಿ. ಎಂಬ ಚಿಲ್ಲರೆ ನಾಣ್ಯವಾಗಿ ಮುರಿಸಿಕೊಂಡು ವೆಚ್ಚ ಮಾಡುವುದು. ಹೃದಯದಲ್ಲಿ ಈ ನಾಣ್ಯದ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು ಮಾತ್ರ. ಬೆಳೆದ ಮನುಷ್ಯನ ಹೃದಯವು ದಿನಕ್ಕೆ ಸುಮಾರು ೧,೦೦,೦೦೦ ಸಲ ಮಿಡಿದು, ಸುಮಾರು ೬ ಕಿಲೋಗ್ರಾಮಿನಷ್ಟು ಏ.ಟಿ.ಪಿ.ಯನ್ನು ಮುರಿದು ಮತ್ತೆ ಕಟ್ಟುವುದು. ತನ್ನ ತೂಕಕ್ಕೆ ಹತ್ತಿಪ್ಪತ್ತು ಪಟ್ಟು! ಇಂಥ ಸಾಲಗಾರನಿಗೆ ಒಂದು ಗಳಿಗೆಯೂ ಬಿಡುವಿಲ್ಲ.

ಗ್ಲೂಕೋಸಿನ ಒಂದು ಅಣುವನ್ನು ಗಾಳಿಯ ನೆರವಿಲ್ಲದೆ ಒಡೆದರೆ ೨ ನಾಣ್ಯ ದೊರೆಯುವುದು. ೬ ಅಣು ಆಮ್ಲಜನಕವನ್ನು ಕೊಟ್ಟು ಪೂರ್ತಿ ಉರಿಸಿದರೆ ೩೦ರಿಂದ ೩೨. ಪಾಮಿಟಿಕ್ ಆಮ್ಲವೆಂಬ ಕೊಬ್ಬಿನ ಅಣುವಿನಿಂದ ೧೦೬ ದೊರೆಯುವುದು, ಆದರೆ ಅದಕ್ಕೆ ೨೩ ಅಣು ಆಮ್ಲಜನಕ ಬೇಕು, ಗಾಳಿಯಿಲ್ಲದೆ ಅದು ಒಂದು ಕಾಸನ್ನೂ ಕೊಡದು. ಭಾಗಾಕಾರ ಮಾಡಿ ನೋಡಿದರೆ, ಸೌದೆಗೆ ಬಡತನವಿರುವಲ್ಲಿ ಕೊಬ್ಬು ಲಾಭ, ಗಾಳಿಗೆ ಬಡತನವಿರುವಲ್ಲಿ ಸಕ್ಕರೆ ಲಾಭ. ಬಸಿರಿನಲ್ಲಿ ಬಡತನವಿರುವುದು ಗಾಳಿಗೆ. ನಮ್ಮ ಧಮನಿಗಳಲ್ಲಿ ಆಮ್ಲಜನಕದ ಒತ್ತಡವು ಪಾದರಸದ ಮಾನದಲ್ಲಿ ೧೦೦ ಮಿಲಿಮೀಟರಿಗೆ ಸಮೀಪವಾಗಿದ್ದರೆ, ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಬರುವ ರಕ್ತದಲ್ಲಿ ಅದು ಸುಮಾರು ೩೦. ಶರೀರಶಾಸ್ತ್ರಜ್ಞರು ಇದನ್ನು ಎವರೆಸ್ಟ್ ಶಿಖರದ ಮೇಲಣ ವಾಸಕ್ಕೆ ಹೋಲಿಸುವುದುಂಟು. ನಮ್ಮ ಗುಬ್ಬಿ, ಕುಣಿಗಲು ಕಡೆಯ ಅಡಿಗೆಮನೆಗಳಲ್ಲಿ ಬೆಳೆದವರಿಗೆ ಬೇರೆ ಹೋಲಿಕೆಯೂ ಸಾಕು: ತೆಂಗಿನ ಸೋಗೆಯು ಮೂಲೆಯ ಒಲೆಯಲ್ಲಿಯೂ ಭಗ್ಗೆಂದು ಹತ್ತಿ ಬೇಗ ಮುಗಿಯುವುದು; ದಪ್ಪ ಬೊಡ್ಡೆಯು ರಾತ್ರಿಯೆಲ್ಲ ಕಾವು ಕೊಡುವುದು, ಆದರೆ ಗಾಳಿಯಾಡದ ಒಲೆಯಲ್ಲಿ ಅದು ಹೊಗೆಯಾಡುವುದೇ ಹೊರತು ಉರಿಯದು.

ಹೀಗಿರಲಾಗಿ ಹೆರಿಗೆಯ ಗಳಿಗೆ ಬರುವುದು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ತಾಯಿಯ ಸಕ್ಕರೆಯು ನಿಂತುಹೋಗುವುದು. ಮೊದಲ ಅಳುವಿನೊಡನೆ ಪುಪ್ಪುಸಗಳು ಬಿಚ್ಚಿಕೊಂಡು ಗಾಳಿಯು ಹೇರಳವಾಗಿ ಬರುವುದು. ಇದುವರೆಗೆ ಹೃದಯದ ಎರಡು ಮೇಲಣ ಕೋಣೆಗಳ ನಡುವೆ ತೆರೆದಿದ್ದ ಕಿಂಡಿಯೂ, ಪುಪ್ಪುಸವನ್ನು ಬಳಸಿ ಹೋಗುತ್ತಿದ್ದ ಅಡ್ಡನಾಳವೂ ಮುಚ್ಚಿಕೊಳ್ಳತೊಡಗುವುವು. ಎಡಭಾಗದ ಮೇಲೆ ಹಿಂದೆಂದೂ ಇಲ್ಲದ ಭಾರ ಬೀಳುವುದು. ಹಳೆಯ ಅನ್ನ ನಿಂತುಹೋಗಿ, ಹೊಸ ಕೆಲಸ ಹೆಗಲೇರಿ, ಹೊಸ ಅನ್ನ ಇನ್ನೂ ಬಾರದಿರುವ ಈ ಸಂಧಿಕಾಲಕ್ಕೆಂದು ಹೃದಯವು ಬುತ್ತಿಯನ್ನು ಕಟ್ಟಿಕೊಂಡು ಬಂದಿರುವುದು. ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆಯು ಕೂಸಿನ ಹೃದಯದಲ್ಲಿರುವಷ್ಟು ದೊಡ್ಡವರ ಹೃದಯದಲ್ಲಿ ಇಲ್ಲ. ಆದರೆ ಬುತ್ತಿಯು ದಾರಿಗೆ ಮಾತ್ರ. ಊರು ಸೇರಿದ ಮೇಲೆ ಒಲೆ ಹೂಡಲೇಬೇಕು.

ಆ ಊರಿನ ಅನ್ನವೇ ಹಾಲು. ತಾಯಿಯ ಹಾಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚು ಕಡಮೆ ಅರ್ಧವು ಕೊಬ್ಬಿನಿಂದ ಬರುವುದು. ಕೂಸಿನ ರಕ್ತದಲ್ಲಿ ಇನ್ಸುಲಿನ್ ಇಳಿದು ಗ್ಲೂಕಗಾನ್ ಏರುವುದು. ಕೊಬ್ಬನ್ನು ಮೈಟೊಕಾಂಡ್ರಿಯ ಎಂಬ ಸೂಕ್ಷ್ಮವಾದ ಒಲೆಗಳೊಳಕ್ಕೆ ಬಿಡದೆ ಬಾಗಿಲು ಕಾಯುತ್ತಿದ್ದ ಮಲೋನೈಲ್ ಕೋ-ಎ ಎಂಬ ವಸ್ತುವು ಕುಗ್ಗುವುದು. ಒಲೆಗಳ ಸಂಖ್ಯೆಯೂ ಹೆಚ್ಚುತ್ತ ಹೋಗುವುದು. ಮನುಷ್ಯಶಿಶುವಿನ ಹೃದಯವನ್ನು ಹೊರತೆಗೆದು ಅಳೆಯುವಂತಿಲ್ಲವಷ್ಟೆ; ಕೆನಡಾ ದೇಶದ ಪಂಡಿತರು ಮೊಲದ ಮರಿಗಳಲ್ಲಿ ಅಳೆದರು. ಹುಟ್ಟಿದ ಮೊದಲ ದಿನ ಹೃದಯದ ಶಕ್ತಿಯಲ್ಲಿ ಅರ್ಧಕ್ಕೆ ಹತ್ತಿರವಾದ ಪಾಲು ಗಾಳಿಯಿಲ್ಲದೆ ಸಕ್ಕರೆಯನ್ನು ಒಡೆಯುವುದರಿಂದ ಬರುತ್ತಿತ್ತು. ಏಳನೆಯ ದಿನಕ್ಕೆ ಅದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಮೆಯಾಗಿ, ಕೊಬ್ಬು ಮೇಲುಗೈ ಪಡೆಯಿತು. ಬೆಳೆದ ಮನುಷ್ಯನ ಹೃದಯವು ತನ್ನ ಶಕ್ತಿಯಲ್ಲಿ ೧೦೦ಕ್ಕೆ ೬೦ ಪಾಲಿಗೂ ಮೇಲ್ಪಟ್ಟು ಕೊಬ್ಬಿನಿಂದಲೇ ಪಡೆಯುವುದು.

ಹಾಗಾದರೆ ಹೃದಯದ ಹುಟ್ಟುಗುಣ ಸಕ್ಕರೆಯೋ ಕೊಬ್ಬೋ? ಮೊದಲ ದಿನ ಕೇಳಿದರೆ ಒಂದು ಉತ್ತರ, ಎಂಟನೆಯ ದಿನ ಕೇಳಿದರೆ ಇನ್ನೊಂದು. ನಮ್ಮ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವುದು. ಅಲ್ಲಿಯೇ ಹುಟ್ಟುವ ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುವುದು. ಬೆಟ್ಟದ ಮೇಲೆ ಬಿದ್ದ ಹನಿಯನ್ನು ಕುರಿತು ನಿನ್ನ ಸ್ವಭಾವ ತೆಂಕಣದೋ ಬಡಗಣದೋ ಎಂದು ಕೇಳುವವರುಂಟೆ? ಹನಿಗೆ ಹರಿಯುವ ಗುಣವಿದೆ, ದಿಕ್ಕನ್ನು ಕೊಟ್ಟುದು ನೆಲ.

ಇಲ್ಲಿಯವರೆಗೆ ಹೇಳಿದುದನ್ನು ನ್ಯಾಯಸೂತ್ರದ ಪೂರ್ವಪಕ್ಷಿಯು ಇನ್ನೂ ತನ್ನ ಕಡೆಗೆ ಎಳೆದುಕೊಳ್ಳಬಹುದು. ಹೃದಯದಲ್ಲಿ ಎರಡು ಗುಣಗಳೂ ಮೊದಲೇ ಇದ್ದುವು, ಹೊತ್ತು ಬಂದಾಗ ಒಂದು ಮಲಗಿ ಇನ್ನೊಂದು ಎದ್ದಿತು, ಕಮಲವು ಅರಳಿ ಮುಚ್ಚುವಂತೆ, ಎಂದು ಅವನೆಂದಾನು. ೨೦೨೩ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ಸಂಶೋಧಕರು ಪ್ರಕಟಿಸಿದ ವಿಷಯವು ಈ ಮಾತಿಗೆ ಎದುರಾಗಿ ನಿಲ್ಲುವುದು. ಇಲಿಗಳ ತಾಯಿಹಾಲಿನಲ್ಲಿ ಗಾಮಾ-ಲಿನೊಲೆನಿಕ್ ಆಮ್ಲವೆಂಬ ಒಂದು ಬಗೆಯ ಕೊಬ್ಬಿನಂಶವಿದೆ. ಅದು ಸೌದೆಯಾಗಿ ಉರಿಯುವುದರ ಜೊತೆಗೆ ಇನ್ನೊಂದು ಕೆಲಸವನ್ನು ಮಾಡುವುದು. ಮರಿಯ ಹೃದಯದ ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳಬಲ್ಲ ಗ್ರಾಹಕವೊಂದಕ್ಕೆ ಕೂಡಿಕೊಂಡು, ಕೊಬ್ಬನ್ನು ಉರಿಸಲು ಬೇಕಾದ ಸಾಧನಗಳನ್ನು ಸಿದ್ಧಪಡಿಸೆಂದು ಹೇಳುವುದು. ಈ ಗ್ರಾಹಕವಿಲ್ಲದೆ ಹುಟ್ಟಿದ ಮರಿಗಳ ಹೃದಯವು ಬಸಿರಿನಲ್ಲಿದ್ದಂತೆಯೇ ಸಕ್ಕರೆಯನ್ನೇ ಹಿಡಿದುಕೊಂಡು, ಶಕ್ತಿ ಸಾಲದೆ ಸೋತು, ಮರಿಗಳು ಹುಟ್ಟಿದ ಕೆಲವು ದಿನಗಳೊಳಗೇ ಸತ್ತುವು. ಇಲಿಯಲ್ಲಿ ಕಂಡುದು ಮನುಷ್ಯನಲ್ಲಿಯೂ ಅಕ್ಷರಶಃ ಹಾಗೆಯೇ ಎಂದು ಹೇಳುವ ಆತುರ ಬೇಡ. ಆದರೆ ಒಂದು ಪ್ರಾಣಿಯಲ್ಲಾದರೂ ಹಾಲು ಅನ್ನವೂ ಹೌದು, ಉಪದೇಶವೂ ಹೌದು ಎಂಬುದು ಗೊತ್ತಾದ ಮೇಲೆ ಕಬ್ಬಿಣ ಸೂಜಿಗಲ್ಲುಗಳ ಉಪಮೆಯು ಸಾಲುವುದಿಲ್ಲ. ಸೂಜಿಗಲ್ಲು ಕಬ್ಬಿಣವನ್ನು ಎಳೆಯುವುದು ಮಾತ್ರವಲ್ಲ, ಅದನ್ನೂ ಸೂಜಿಗಲ್ಲಾಗಿ ಮಾಡುವುದುಂಟೆಂದು ಪೂರ್ವಪಕ್ಷಿಯು ಸೇರಿಸಿದ್ದರೆ ಸರಿಹೋಗುತ್ತಿತ್ತೇನೋ!

ಸಿದ್ಧಾಂತಿಗೂ ಇಲ್ಲಿ ಪೂರ್ಣವಾದ ಜಯವಿಲ್ಲ. ಗ್ರಾಹಕವನ್ನು ಹೃದಯವು ಬಸಿರಿನಿಂದಲೇ ತಂದಿದೆ, ನಿಜ; ಅದು ಪೂರ್ವಸಿದ್ಧತೆ. ಆದರೆ ಸಿದ್ಧತೆಯೇ ಗುಣವಲ್ಲ. ಗ್ರಾಹಕವಿದ್ದು ಹಾಲಿಲ್ಲದಿದ್ದರೂ ಕಷ್ಟ, ಹಾಲಿದ್ದು ಗ್ರಾಹಕವಿಲ್ಲದಿದ್ದರೂ ಕಷ್ಟ. ನನ್ನ ಅಭಿಪ್ರಾಯದಲ್ಲಿ ಸ್ವಭಾವವೆಂಬ ಪದದಲ್ಲಿರುವ ‘ಸ್ವ’ ಎಂಬ ಅಂಶವೇ ವಿಚಾರಕ್ಕೆ ಒಳಗಾಗಬೇಕಾದುದು. ನನ್ನದೆಂದು ನಾನು ಹೇಳಿಕೊಳ್ಳುವ ಗುಣದಲ್ಲಿ ಕೊಟ್ಟವರ ಪಾಲು ಎಷ್ಟು? ಕೊಡುವವರು ಕೊಡದೆ ಇದ್ದು, ಆಮೇಲೆ ಇವನ ಹುಟ್ಟುಗುಣವೇ ಇಷ್ಟೆನ್ನುವುದು ನ್ಯಾಯವೆ?

ಇದು ಬರಿಯ ತರ್ಕವಲ್ಲ, ಮನೆಯ ಮಾತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೦೦ಕ್ಕೆ ೯೭ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದುವು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ದೊರೆತ ಮಕ್ಕಳಾದರೋ ಸುಮಾರು ಅರ್ಧದಷ್ಟು ಮಾತ್ರ. ಮೊದಲ ಗಂಟೆಯೊಳಗೆ ಹಾಲೂಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಬಹುಕಾಲದಿಂದ ಹೇಳುತ್ತ ಬಂದಿದೆ. ಶಸ್ತ್ರಕ್ರಿಯೆಯಾದ ತಾಯಂದಿರ ತೊಡಕು ಕೆಲವೆಡೆ ಇರಬಹುದು. ಆದರೆ ಹಳೆಯ ನಂಬಿಕೆಯ ಪಾಲೂ ಸಣ್ಣದಲ್ಲ. ಮೊದಲ ಹಾಲು ಹಳದಿ, ಮಂದ, ಕೂಸಿಗೆ ಅರಗದು. ಅದನ್ನು ಹಿಂಡಿ ಚೆಲ್ಲಿ ಮೂರು ದಿನ ಸಕ್ಕರೆಯ ನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸಬೇಕೆನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಇದರಲ್ಲಿ ಶಾಸ್ತ್ರದ ಹೊಣೆಯೂ ಕೊಂಚ ಇದೆಯೆಂದು ನಾವು, ಸಂಸ್ಕೃತ ಓದಿದವರು, ಮರೆಯಿಸದೆ ಹೇಳಬೇಕು. ಹೆತ್ತವಳ ಹೃದಯದಲ್ಲಿರುವ ಧಮನಿಗಳು ಮೂರು ನಾಲ್ಕು ರಾತ್ರಿಗಳ ಮೇಲೆ ತೆರೆದುಕೊಂಡು ಹಾಲು ಇಳಿಯುವುದೆಂದೂ, ಆವರೆಗೆ ಕೂಸಿಗೆ ಜೇನು ತುಪ್ಪ ಮೊದಲಾದುವನ್ನು ಕೊಡಬೇಕೆಂದೂ ಸುಶ್ರುತನು ವಿಧಿಸಿದನು. ಜಾತಕರ್ಮದಲ್ಲಿ ಚಿನ್ನವನ್ನು ತೇಯ್ದು ಜೇನು ತುಪ್ಪಗಳನ್ನು ನೆಕ್ಕಿಸುವುದೂ ಉಂಟು. ಹಾಲು ತುಂಬಿ ಇಳಿಯುವುದು ಮೂರು ನಾಲ್ಕು ದಿನಗಳ ಮೇಲೆಯೇ ಎಂಬ ನೋಟವು ಸರಿಯಾದುದು; ಅದಕ್ಕೆ ಮುಂಚೆ ಬರುವ ಸ್ವಲ್ಪವೇ ಆದ ಗಿಣ್ಣುಹಾಲನ್ನು ಲೆಕ್ಕಕ್ಕೆ ಹಿಡಿಯದೆ ಹೋದುದು ಸರಿಯಲ್ಲ. ರೋಗವನ್ನು ತಡೆಯುವ ಅಂಶಗಳು ದಟ್ಟವಾಗಿರುವುದು ಆ ಹಾಲಿನಲ್ಲಿಯೇ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗದ ಬೀಜಾಣುಗಳನ್ನು ಎಳೆಗೂಸಿನ ಕರುಳು ತಡೆಯಲಾರದು. ವರ್ಷ ತುಂಬುವವರೆಗೆ ಜೇನನ್ನು ಕೊಡಲೇಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಪ್ರತ್ಯಕ್ಷಕ್ಕೆ ವಿರೋಧವಾದಲ್ಲಿ ಶಾಸ್ತ್ರವಾಕ್ಯಕ್ಕೆ ಬೇರೆ ಅರ್ಥವನ್ನು ಹುಡುಕಬೇಕೆಂಬುದು ಮೀಮಾಂಸಕರಿಗೂ ಸಮ್ಮತವೇ. ಕರ್ಮವನ್ನು ಬಿಡಲಾರದವರು ಜೇನನ್ನು ಕೂಸಿನ ಬಾಯಿಗೆ ಹಾಕದೆ ಮಂತ್ರವನ್ನಷ್ಟೇ ಹೇಳಿದರೆ ದೇವತೆಗಳು ಮುನಿದಾರೆಂದು ನಾನು ಎ‌ಣಿಸುವುದಿಲ್ಲ.

ನಮ್ಮ ಕಡೆಯ ಒಂದು ಮನೆಯಲ್ಲಿ ಚೊಚ್ಚಲು ಬಾಣಂತಿಯ ಹಾಲನ್ನು ಹಿಂಡಿ ಚೆಲ್ಲಿಸಲು ಮುತ್ತಜ್ಜಿಯು ಹಟ ಹಿಡಿದಿದ್ದಳು. ಆಶಾ ಕಾರ್ಯಕರ್ತೆಯಾದ ಹೆಣ್ಣುಮಗಳು ಬಂದು ವೈದ್ಯಶಾಸ್ತ್ರವನ್ನೇನೂ ಹೇಳಲಿಲ್ಲ. “ಅಜ್ಜಿ, ಹಸು ಈದಾಗ ಕರುವಿಗೆ ಗಿಣ್ಣು ಕುಡಿಸದೆ ಎಲ್ಲವನ್ನೂ ಕರೆದುಕೊಂಡರೆ ಕರು ಉಳೀತದಾ?” ಎಂದಳಂತೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಹಂಗಾದ್ರೆ ಕೂಸನ್ನ ಇತ್ಲಾಗೆ ತಗೊಂಬಾ” ಎಂದು ತಾನೇ ಬಾಣಂತಿಯ ಮಡಿಲಿಗೆ ಇಟ್ಟಳು. ಕರುವಿನ ವಿಷಯದಲ್ಲಿ ನಾವು ಪೀಳಿಗೆಗಳಿಂದ ಜಾಣರು. ಬಾಣಂತಿಗೆ ಹೊಟ್ಟೆ ತುಂಬ ಊಟ ಹಾಕದೆ ಪಥ್ಯವೆಂಬ ಹೆಸರಿನಿಂದ ಒಣಗಿಸುವ ಮನೆಗಳಲ್ಲಿಯೂ ಹಾಲು ಕರೆಯುವ ಹಸುವಿಗೆ ಹಿಂಡಿಯು ತಪ್ಪುವುದಿಲ್ಲ! ತಾಯಿಯ ಹಾಲಿನ ಕೊಬ್ಬಿನ ಬಗೆಯು ಅವಳು ಉಣ್ಣುವ ಊಟವನ್ನು ಅನುಸರಿಸಿ ಬದಲಾಗುವುದೆಂಬುದು ಈಗ ಸಂಶಯವಿಲ್ಲದ ವಿಷಯ. ಮಗುವಿನ ಸ್ವಭಾವದ ಹೊಣೆಯು ತಾಯಿಯೊಬ್ಬಳದೇ ಅಲ್ಲ, ಅವಳ ತಟ್ಟೆಗೆ ಬಡಿಸುವವರದೂ ಹೌದು.

ಹೃದಯವು ಈ ಹೊಸ ಅನ್ನವನ್ನು ಪಡೆದುದಕ್ಕೆ ಒಂದು ಬೆಲೆಯನ್ನೂ ತೆತ್ತಿತು. ೨೦೧೧ರಲ್ಲಿ ಅಮೆರಿಕದ ಡಲ್ಲಾಸಿನ ಸಂಶೋಧಕರು ಹುಟ್ಟಿ ಒಂದು ದಿನವಾದ ಇಲಿಮರಿಯ ಹೃದಯದ ತುದಿಯನ್ನು ಕತ್ತರಿಸಿ ನೋಡಲು, ಮೂರು ವಾರಗಳಲ್ಲಿ ಅದು ಮರಳಿ ಬೆಳೆದಿತ್ತು. ಏಳು ದಿನದ ಮರಿಯಲ್ಲಿ ಹಾಗೆ ಮಾಡಿದರೆ ಗಾಯವು ಕಲೆಗಟ್ಟಿತೇ ಹೊರತು ಮಾಂಸವು ಬೆಳೆಯಲಿಲ್ಲ. ಅದೇ ಒಂದು ವಾರ! ಗಾಳಿಯೂ ಕೊಬ್ಬೂ ಬಂದು ಹೃದಯವು ಬಲಿತ ವಾರದಲ್ಲಿಯೇ ಅದರ ಜೀವಕೋಶಗಳು ಇಬ್ಭಾಗವಾಗಿ ಹೆಚ್ಚುವ ಶಕ್ತಿಯನ್ನು ಬಿಟ್ಟುಕೊಟ್ಟುವು. ಆಮ್ಲಜನಕವನ್ನು ಹೇರಳವಾಗಿ ಉರಿಸುವಾಗ ಏಳುವ ಕಿಡಿಗಳಂಥ ಅಂಶಗಳು ಜೀವಕೋಶದ ಡಿ.ಎನ್.ಎ.ಯನ್ನು ನೋಯಿಸಿ ಅದರ ವಿಭಜನೆಯನ್ನು ನಿಲ್ಲಿಸುವುವೆಂದು ೨೦೧೪ರಲ್ಲಿ ಅವರೇ ತೋರಿಸಿದರು. ೨೦೧೭ರಲ್ಲಿ ಬೆಳೆದ ಇಲಿಗಳನ್ನು ದಿನದಿನಕ್ಕೆ ಆಮ್ಲಜನಕವನ್ನು ಕಡಮೆ ಮಾಡುತ್ತ ೧೦೦ಕ್ಕೆ ೭ ಪಾಲು ಮಾತ್ರವಿರುವ ಗಾಳಿಯಲ್ಲಿ ಎರಡು ವಾರ ಇಟ್ಟಾಗ, ಅವುಗಳ ನೊಂದ ಹೃದಯವು ಮತ್ತೆ ಬೆಳೆಯತೊಡಗಿತು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ಸುಮಾರು ೨೧ ಪಾಲು. ಬಸಿರಿನ ಬಡತನವನ್ನು ಮರಳಿ ಕೊಟ್ಟರೆ ಬಸಿರಿನ ಶಕ್ತಿಯೂ ಕೊಂಚ ಮರಳುವುದೆಂದು ಇದರ ತಾತ್ಪರ್ಯ.

ಇದು ನಷ್ಟವೋ ಲಾಭವೋ? ನನಗೆ ಇದು ನಷ್ಟವೆಂದು ತೋರುವುದಿಲ್ಲ. ವಾಮನಮೂರ್ತಿಯಾಗಿ ಗುರುಕುಲದಲ್ಲಿದ್ದ ವಟುವು ಸಮಾವರ್ತನವಾದ ಮೇಲೆ ಭಿಕ್ಷೆಯೆತ್ತುವ ಹಕ್ಕನ್ನು ಕಳೆದುಕೊಳ್ಳುವನು. ಅದನ್ನು ನಷ್ಟವೆಂದು ಅಳುವವನು ಗೃಹಸ್ಥನಾಗಲಾರನು. ಆದರೆ ಆಪತ್ತು ಬಂದಾಗ ಗೃಹಸ್ಥನೂ ಭಿಕ್ಷೆ ಬೇಡಬಹುದೆಂದು ಧರ್ಮಶಾಸ್ತ್ರವು ಬಿಟ್ಟಿದೆ. ಹನ್ನೆರಡು ವರ್ಷಗಳ ಕ್ಷಾಮದಲ್ಲಿ ವಿಶ್ವಾಮಿತ್ರನು ಚಂಡಾಲನ ಮನೆಯಲ್ಲಿ ನಾಯಿಯ ಮಾಂಸಕ್ಕೆ ಕೈಯೊಡ್ಡಿದ ಕಥೆಯನ್ನು ಭೀಷ್ಮನು ಶಾಂತಿಪರ್ವದಲ್ಲಿ ಹೇಳಿದುದು ಆಪದ್ಧರ್ಮವನ್ನು ತಿಳಿಸುವುದಕ್ಕಾಗಿಯೇ. ಹೃದಯಕ್ಕೂ ಇಂಥ ಆಪದ್ಧರ್ಮವುಂಟೆಂದು ತಿಳಿದಾಗ ನನಗೆ ಬಹಳ ಆಶ್ಚರ್ಯವಾಯಿತು. ವಯಸ್ಸಾಗಿಯೋ ರೋಗದಿಂದಲೋ ಹೃದಯವು ಸೋಲತೊಡಗಿದಾಗ ಅದು ಕೊಬ್ಬನ್ನು ಬಿಟ್ಟು, ಬಸಿರಿನಲ್ಲಿದ್ದಾಗಿನಂತೆ, ಸಕ್ಕರೆಯ ಕಡೆಗೆ ವಾಲುವುದು. ಬಸಿರಿನ ಕಾಲದಲ್ಲಿ ಎಚ್ಚರವಾಗಿದ್ದು ಆಮೇಲೆ ಮಲಗಿದ್ದ ಎಷ್ಟೋ ಜೀನುಗಳು ಮತ್ತೆ ಏಳುವುವು. ಗಾಳಿಗೆ ಬಡತನ ಬಂದಾಗ ಸಕ್ಕರೆ ಲಾಭವೆಂಬ ಹಳೆಯ ಲೆಕ್ಕವನ್ನು ಅದು ಮರೆತಿಲ್ಲ. ಎದೆನೋವಿನ ರೋಗಿಗಳಿಗೆ ಹೃದಯವನ್ನು ಕೊಬ್ಬಿನಿಂದ ಸಕ್ಕರೆಗೆ ತಿರುಗಿಸುವ ಮಾತ್ರೆಯನ್ನು ಕೊಡುವುದೂ ಇದೇ ತತ್ತ್ವದಿಂದ. ಬಹುಕಾಲ ಹೀಗೆಯೇ ನಡೆದರೆ ಅದರಿಂದ ಕೇಡೂ ಆಗಬಹುದೆಂದು ವೈದ್ಯರಲ್ಲಿ ವಾದವಿದೆ. ಆಪದ್ಧರ್ಮವನ್ನು ನಿತ್ಯಧರ್ಮವಾಗಿ ಮಾಡಿಕೊಂಡವನ ವಿಷಯದಲ್ಲಿ ಸ್ಮೃತಿಕಾರರಿಗೂ ಇದೇ ಅಂಜಿಕೆ.

ಅರುವತ್ತಕ್ಕೆ ಅರಳುಮರಳೆಂಬುದು ಇನ್ನೊಂದು ಗಾದೆ. ಅರುವತ್ತನ್ನು ದಾಟಿದವನಾದುದರಿಂದ ಅದನ್ನು ನಾನು ಈಗ ಬೇರೆ ಕಿವಿಯಿಂದ ಕೇಳುತ್ತೇನೆ. ಮುದುಕರು ಮಕ್ಕಳಂತಾದರೆಂದು ಮನೆಯವರು ನಗುವಾಗ, ಅವರ ಎದೆಯೊಳಗೂ ಅಂಥದೇ ಒಂದು ಹಿಂದಿರುಗುವಿಕೆಯು ಬದುಕಿಗಾಗಿ ನಡೆಯುತ್ತಿರಬಹುದೆಂದು ನೆನೆದರೆ ನಗುವು ಕೊಂಚ ಮೆಲ್ಲಗಾದೀತು.

ಇನ್ನು ಋಣದ ಮಾತೊಂದು ಉಳಿಯಿತು. ದೇವಋಣ, ಋಷಿಋಣ, ಪಿತೃಋಣವೆಂದು ಮೂರನ್ನು ವೇದವೇ ಹೇಳಿ, ಯಜ್ಞ, ಅಧ್ಯಯನ, ಸಂತಾನಗಳಿಂದ ಅವುಗಳನ್ನು ತೀರಿಸುವ ದಾರಿಯನ್ನೂ ತೋರಿಸಿದೆ. ಹಾಲಿನ ಋಣವು ಆ ಪಟ್ಟಿಯಲ್ಲಿಲ್ಲ. ಪಡೆದ ವಸ್ತುವು ಕೈಯಲ್ಲಿದ್ದರೆ ಹಿಂದಕ್ಕೆ ಕೊಡಬಹುದು. ಪಡೆದುದು ಪಡೆದವನ ಗುಣವೇ ಆಗಿಹೋಗಿದ್ದರೆ ಯಾವುದನ್ನು ಕೊಡುವುದು?

ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಪಂಡಿತರು ೨೦೦೯ರಲ್ಲಿ ಮನುಷ್ಯಹೃದಯದ ಜೀವಕೋಶಗಳ ವಯಸ್ಸನ್ನು ಒಂದು ವಿಚಿತ್ರವಾದ ಉಪಾಯದಿಂದ ಕಂಡುಹಿಡಿದರು. ೧೯೫೫ರಿಂದ ೧೯೬೩ರವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ವಾಯುವಿನಲ್ಲಿ ಕಾರ್ಬನ್-೧೪ ಎಂಬ ಅಂಶವು ಹೆಚ್ಚಾಗಿ, ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತ ಬಂದಿತು. ಯಾವ ಜೀವಕೋಶವು ಯಾವ ವರ್ಷ ಹುಟ್ಟಿತೆಂಬುದಕ್ಕೆ ಅದರ ಡಿ.ಎನ್.ಎ.ಯಲ್ಲಿ ಸೇರಿಕೊಂಡ ಈ ಕಾರ್ಬನ್ನೇ ಜಾತಕ. ನಾನು ಹುಟ್ಟಿದುದೂ ಆ ಬಾಂಬುಗಳ ಕಾಲದಲ್ಲಿಯೇ. ಇಪ್ಪತ್ತೈದರ ವಯಸ್ಸಿನಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ೧೦೦ಕ್ಕೆ ೧ರಂತೆ ಹೊಸತಾಗುವುವು. ಎಪ್ಪತ್ತೈದರಲ್ಲಿ ಅದರ ಅರ್ಧಕ್ಕಿಂತಲೂ ಕಡಮೆ. ಒಬ್ಬನ ಆಯುಷ್ಯವೆಲ್ಲ ಕೂಡಿದರೂ ಹೊಸತಾಗುವುದು ಅರ್ಧವನ್ನು ಮುಟ್ಟುವುದಿಲ್ಲ. ಚರ್ಮವು ಹೊಸತಾಯಿತು, ರಕ್ತವು ಎಷ್ಟೋ ಸಲ ಹೊಸತಾಯಿತು, ಬಾಯಲ್ಲಿರುವ ಹಲ್ಲುಗಳಲ್ಲಿ ಕೆಲವು ತುಮಕೂರಿನಲ್ಲಿ ಕಟ್ಟಿಸಿದುವು. ನನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾದುವು. ಅವಳ ಬಸಿರಿನಲ್ಲಿ ಅವಳ ಸಕ್ಕರೆಯನ್ನು ಉಂಡು, ಹೊರಗೆ ಬಂದು ಅವಳ ಹಾಲಿನಿಂದ ಬೇರೆ ಅನ್ನವನ್ನು ಕಲಿತ ಆ ಜೀವಕೋಶಗಳಲ್ಲಿ ಅರ್ಧಕ್ಕೂ ಹೆಚ್ಚು, ಈ ಸಾಲನ್ನು ಬರೆಯುತ್ತಿರುವಾಗಲೂ, ಎಡಗಡೆಯ ಪಕ್ಕೆಲುಬುಗಳ ಹಿಂದೆ ಮಿಡಿಯುತ್ತಲಿವೆ.